ಬ್ಯಾಂಕಿನ ಮಾನವ ಹಕ್ಕು ನೀತಿ ಲೈನ್ ಮನೆಯ ಬಾಗಿಲಿಗೂ ಬರಲಿ

ಮಾನ್ಯ ಸಂಪಾದಕರೇ,

ದೊಡ್ಡ ಬ್ಯಾಂಕೊಂದರಲ್ಲಿ 31 ವರ್ಷ ದುಡಿದು, ಅದರಲ್ಲಿ ಬಹುಪಾಲನ್ನು ಕೊಡಗಿನ ಶಾಖೆಗಳಲ್ಲೇ ಕೃಷಿ ಸಾಲದ ಅಧಿಕಾರಿಯಾಗಿ ಕಳೆದು ನಿವೃತ್ತನಾದವನು ನಾನು. ಕೈಯಲ್ಲಿ ಆ ಬ್ಯಾಂಕಿನ ಒಂದಿಷ್ಟು ಷೇರುಗಳಿರುವುದರಿಂದ ಪ್ರತಿ ವರ್ಷ ಅದರ ವಾರ್ಷಿಕ ವರದಿಯ ಮುದ್ರಿತ ಪ್ರತಿಯನ್ನು ಕೇಳಿ ತರಿಸಿಕೊಳ್ಳುತ್ತೇನೆ; ಲಾಭಾಂಶ ಎಷ್ಟೆಂದು ನೋಡಿ ಬದಿಗಿಡುವುದು ರೂಢಿ. ಈ ಸಲ ಕಕ್ಕಡ ಮಾಸದ ಮಳೆಗೆ ತಂತಿಯ ಮೇಲೆ ಮರ ಬಿದ್ದು ಮೂರು ದಿನ ಕರೆಂಟಿಲ್ಲದೆ ಮನೆಯಲ್ಲೇ ಕುಳಿತಿದ್ದಾಗ ಅದರ ಒಳಪುಟಗಳನ್ನೂ ಓದಿದೆ. ಬ್ಯಾಂಕು ತನ್ನ ವ್ಯವಹಾರದಲ್ಲಿ ಮಾನವ ಹಕ್ಕುಗಳನ್ನು ಹೇಗೆ ಗೌರವಿಸುತ್ತದೆ, ಹೇಗೆ ಕಾಪಾಡುತ್ತದೆ ಎಂದು ಹೇಳಲು ಅಲ್ಲಿ ಕೆಲವು ಪುಟಗಳನ್ನು ಮೀಸಲಿಟ್ಟಿದ್ದರು. ಅವನ್ನು ಓದಿದ ಮೇಲೆ, ಕಾಫಿ ತೋಟದ ಆಳುಗಳು ವಾಸಿಸುವ ಸಾಲು ಕೋಣೆಗಳ ಲೈನ್ ಮನೆಗಳನ್ನು ನೆನೆದು ಮನಸ್ಸಿಗೆ ಬಂದದ್ದನ್ನು ಈ ಜಿಲ್ಲೆಯ ಓದುಗರ ಮುಂದೆಯೂ ಬ್ಯಾಂಕಿನವರ ಮುಂದೆಯೂ ಇಡಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಉದ್ದವಾಯಿತೆನಿಸಿದರೆ ಮನ್ನಿಸಬೇಕು.

ಆ ಪುಟಗಳಲ್ಲಿ ಬರೆದಿರುವ ಯಾವುದೂ ಸುಳ್ಳಲ್ಲ. ಜಾತಿ, ಧರ್ಮ, ಲಿಂಗದ ಭೇದವಿಲ್ಲದೆ ನೇಮಕ ಮಾಡುತ್ತೇವೆ, ಮಹಿಳಾ ಸಿಬ್ಬಂದಿಯ ದೂರು ಕೇಳಲು ಆಂತರಿಕ ಸಮಿತಿಯಿದೆ, ಗ್ರಾಹಕರ ಗೋಪ್ಯತೆಯನ್ನು ಕಾಯುತ್ತೇವೆ ಎಂಬ ಮಾತುಗಳ ಕೆಳಗೆ ಒಂದು ಕೋಷ್ಟಕವಿತ್ತು. ಷೇರುಪೇಟೆಯಲ್ಲಿ ನೋಂದಾಯಿತವಾದ ಮೊದಲ 1000 ಕಂಪನಿಗಳು 2022–23ರಿಂದ ಇಂಥ ವರದಿಯನ್ನು ಕಡ್ಡಾಯವಾಗಿ ಕೊಡಬೇಕೆಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ ನಿಯಮ ಮಾಡಿದೆ. ಅದಕ್ಕೆ ತಳಹದಿ ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ 2019ರಲ್ಲಿ ಹೊರಡಿಸಿದ ಮಾರ್ಗಸೂಚಿ. ಅದರ ಒಂಬತ್ತು ತತ್ವಗಳಲ್ಲಿ ಐದನೆಯದು ಮಾನವ ಹಕ್ಕುಗಳಿಗೆ ಸೇರಿದ್ದು. ಎಷ್ಟು ಸಿಬ್ಬಂದಿಗೆ ಈ ಕುರಿತು ತರಬೇತಿಯಾಗಿದೆ, ಕನಿಷ್ಠ ವೇತನಕ್ಕಿಂತ ಹೆಚ್ಚು ಪಡೆಯುವವರೆಷ್ಟು, ಬಂದ ದೂರುಗಳೆಷ್ಟು ಎಂದು ಕೇಳುವ ಆ ನಮೂನೆಯಲ್ಲಿ ಬಾಲಕಾರ್ಮಿಕರ ಕುರಿತ ದೂರು ಸೊನ್ನೆ, ಬಲವಂತದ ದುಡಿಮೆಯ ದೂರು ಸೊನ್ನೆ ಎಂದು ತುಂಬಿದ್ದರು. ಬ್ಯಾಂಕಿನ ಶಾಖೆಯೊಳಗೆ ಬಾಲಕಾರ್ಮಿಕರಿಲ್ಲವೆಂದು ತಿಳಿಯಲು ವರದಿ ಬೇಕಿಲ್ಲ. ಬಾಗಿಲಲ್ಲಿ ನಿಂತು ಒಳಗೆ ನೋಡಿದರೆ ಸಾಕು.

ಬೇರೆ ಕಂಪನಿಗಳು ಸರಕು ತಯಾರಿಸುತ್ತವೆ. ಬ್ಯಾಂಕಿನ ಸರಕು ಸಾಲ. ಆ ಸಾಲ ಹೊರಗೆ ಹೋಗಿ ಯಾರ ಬದುಕಿನಲ್ಲಿ ಏನು ಮಾಡುತ್ತದೆ ಎಂಬುದನ್ನು ಬಿಟ್ಟು, ಸಾಲ ಮಂಜೂರು ಮಾಡುವ ಮೇಜಿನ ಸುತ್ತಲ ಸಂಗತಿಗಳನ್ನಷ್ಟೇ ಲೆಕ್ಕ ಹಾಕಿದರೆ ಸೊನ್ನೆಯೇ ಬರುತ್ತದೆ. 2011ರ ಜೂನ್‌ನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ ಅನುಮೋದಿಸಿದ, ಜಾನ್ ರಗ್ಗಿ ಅವರ ನೇತೃತ್ವದಲ್ಲಿ ರೂಪುಗೊಂಡ 31 ಮಾರ್ಗದರ್ಶಿ ಸೂತ್ರಗಳು ಈ ವಿಷಯವನ್ನು ಬಿಡಿಸಿಯೇ ಹೇಳಿವೆ. ಹಕ್ಕುಗಳನ್ನು ರಕ್ಷಿಸುವುದು ಸರ್ಕಾರದ ಕರ್ತವ್ಯ, ಗೌರವಿಸುವುದು ವ್ಯಾಪಾರ ಸಂಸ್ಥೆಯ ಹೊಣೆ, ಹಾನಿಗೊಳಗಾದವರಿಗೆ ಪರಿಹಾರ ಪಡೆಯುವ ದಾರಿಯಿರಬೇಕು ಎಂಬುದು ಅವುಗಳ ತಿರುಳು. ಸಂಸ್ಥೆ ತಾನೇ ಮಾಡಿದ ಹಾನಿ, ಇನ್ನೊಬ್ಬರೊಡನೆ ಕೈಜೋಡಿಸಿ ಮಾಡಿದ ಹಾನಿ, ತಾನು ಮಾಡದಿದ್ದರೂ ತನ್ನ ವ್ಯವಹಾರದ ನಂಟಿನಿಂದಾಗಿ ತನಗೆ ತಗಲುವ ಹಾನಿ ಎಂದು ಅವು ಮೂರು ಬಗೆ ಮಾಡುತ್ತವೆ. ಮೂರನೆಯದರಲ್ಲೂ ಸಂಸ್ಥೆ ಕೈಕಟ್ಟಿ ಕೂರುವಂತಿಲ್ಲ. ಸಾಲಗಾರನ ತಪ್ಪಿಗೆ ಬ್ಯಾಂಕು ಸಾಮಾನ್ಯವಾಗಿ ಪಾಲುದಾರನಾಗುವುದಿಲ್ಲ ಎಂದು 2017ರಲ್ಲಿ ಕೆಲವು ದೊಡ್ಡ ಅಂತರರಾಷ್ಟ್ರೀಯ ಬ್ಯಾಂಕುಗಳ ಗುಂಪೊಂದು ವಾದಿಸಿತು. ಹಾನಿಯ ಸುಳಿವಿದ್ದೂ ತಡೆಯಲು ಮುಂದಾಗದ ಬ್ಯಾಂಕು ಕೈಜೋಡಿಸಿದವರ ಸಾಲಿಗೇ ಸೇರಬಹುದು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಅದೇ ವರ್ಷ ಉತ್ತರ ಕೊಟ್ಟಿತು.

ಇದು ಬರೀ ಕಾಗದದ ಚರ್ಚೆಯಲ್ಲ ಎಂಬುದಕ್ಕೆ ಕಾಂಬೋಡಿಯಾದ ಕಬ್ಬಿನ ತೋಟದ ಪ್ರಕರಣವೊಂದನ್ನು ನೆನೆಯಬೇಕು. ಅಲ್ಲಿನ ಕಾಂಪೊಂಗ್ ಸ್ಪೂ ಪ್ರಾಂತ್ಯದಲ್ಲಿ ಸಕ್ಕರೆ ಕಂಪನಿಯೊಂದು ಕಬ್ಬು ಬೆಳೆಯಲು ಭೂಮಿ ಪಡೆದಾಗ ಸಾವಿರಕ್ಕೂ ಹೆಚ್ಚು ಕುಟುಂಬಗಳು ಗದ್ದೆ, ಗೋಮಾಳ ಕಳೆದುಕೊಂಡವು. ಆ ಕಂಪನಿಗೆ ಆಸ್ಟ್ರೇಲಿಯಾದ ಎಎನ್‌ಝಡ್ ಬ್ಯಾಂಕಿನ ಅಂಗಸಂಸ್ಥೆ ಸಾಲ ಕೊಟ್ಟಿತ್ತು. ಸುದ್ದಿ ಹೊರಬಿದ್ದ ಮೇಲೆ ಸಾಲ ತೀರಿತು, ನಂಟು ಮುಗಿಯಿತು. ಆದರೆ ಭೂಮಿ ಕಳೆದುಕೊಂಡವರು ಅಲ್ಲಿಗೇ ಬಿಡಲಿಲ್ಲ. 2014ರಲ್ಲಿ ಅವರ ಪರವಾಗಿ ಆಸ್ಟ್ರೇಲಿಯಾ ಸರ್ಕಾರದ ದೂರು ಕೇಂದ್ರಕ್ಕೆ ಅರ್ಜಿ ಹೋಯಿತು. ಆರು ವರ್ಷ ನಡೆದ ಮಾತುಕತೆಯ ಕೊನೆಗೆ, 2020ರ ಫೆಬ್ರುವರಿಯಲ್ಲಿ, ಆ ಸಾಲದಿಂದ ತಾನು ಗಳಿಸಿದ ಒಟ್ಟು ಲಾಭವನ್ನು ಆ ಕುಟುಂಬಗಳ ನೆರವಿಗೆ ಕೊಡಲು ಬ್ಯಾಂಕು ಒಪ್ಪಿತು. ಒಬ್ಬರನ್ನೂ ಬ್ಯಾಂಕು ತಾನಾಗಿ ಒಕ್ಕಲೆಬ್ಬಿಸಿರಲಿಲ್ಲ, ಒಂದು ಗುಡಿಸಲನ್ನೂ ಕೆಡವಿರಲಿಲ್ಲ. ಸಾಲ ಕೊಟ್ಟಿತ್ತು, ಅಷ್ಟೆ. ವಸೂಲಿಯಾದ ಸಾಲವೆಂದರೆ ಮುಗಿದ ವ್ಯವಹಾರ ಎಂದು ನಂಬಿ ಬೆಳೆದ ನನ್ನಂಥವನಿಗೆ ಈ ಸುದ್ದಿ ಅರಗಿಸಿಕೊಳ್ಳುವುದಕ್ಕೆ ಕಷ್ಟವಾಯಿತು.

ಕಾಂಬೋಡಿಯಾ ದೂರದ ಮಾತು. ಕೊಡಗಿನಲ್ಲಿ ನಾನು ಮಾಡಿದ್ದೇನು ಎಂಬುದಕ್ಕೆ ಬರುತ್ತೇನೆ.

ತೋಟದ ಸಾಲಕ್ಕೆ ಅರ್ಜಿ ಬಂದಾಗ ಸ್ಥಳ ತಪಾಸಣೆಗೆ ಹೋಗುವುದು ನನ್ನ ಕೆಲಸವಾಗಿತ್ತು. ಪಹಣಿ ಯಾರ ಹೆಸರಿನಲ್ಲಿದೆ, ಜಮ್ಮಾ ಬಾಣೆಯಾದರೆ, ಅಂದರೆ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಹಿಡುವಳಿಯಾದರೆ, ಪಟ್ಟೇದಾರರು ಯಾರು, ಒಕ್ಕದ (ಮನೆತನದ) ಪಾಲುದಾರರೆಲ್ಲ ಒಪ್ಪಿಗೆಯ ಸಹಿ ಹಾಕಿದ್ದಾರೆಯೇ ಎಂಬುದನ್ನು ಶಾಖೆಯಲ್ಲೇ ನೋಡಿಕೊಂಡು ಹೊರಡುತ್ತಿದ್ದೆವು. ತೋಟಕ್ಕೆ ಹೋದ ಮೇಲೆ ಎಕರೆಗೆ ಎಷ್ಟು ಗಿಡ, ಅದರಲ್ಲಿ ಅರೇಬಿಕಾ ಎಷ್ಟು, ರೋಬಸ್ಟಾ ಎಷ್ಟು, ಎಷ್ಟು ಮರಗಳಿಗೆ ಕರಿಮೆಣಸಿನ ಬಳ್ಳಿ ಹಬ್ಬಿದೆ, ಕಾಂಡಕೊರಕ ಹುಳುವಿನ ಕಾಟವಿದೆಯೇ, ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಯಿಸಲು ಕೆರೆಯಲ್ಲಿ ನೀರಿದೆಯೇ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಾವ ವರ್ಷದ್ದು, ಕಣದ ಸಿಮೆಂಟು ಬಿರುಕು ಬಿಟ್ಟಿದೆಯೇ, ಗೋದಾಮಿಗೆ ವಿಮೆಯಿದೆಯೇ ಎಂದು ಒಂದೊಂದಾಗಿ ಬರೆದುಕೊಳ್ಳುತ್ತಿದ್ದೆ. ನಮೂನೆಯ ಕೊನೆಯಲ್ಲಿ ‘ಕಟ್ಟಡಗಳು’ ಎಂಬ ಸಾಲಿತ್ತು. ಅಲ್ಲಿ ‘ಲೈನ್ ಮನೆ 1, ಕೋಣೆ 8, ಹೆಂಚಿನ ಮಾಡು, ಸ್ಥಿತಿ ಸಾಧಾರಣ’ ಎಂದು ಬರೆದು ಅದಕ್ಕೊಂದು ಬೆಲೆ ಕಟ್ಟುತ್ತಿದ್ದೆ. ಆ ಎಂಟು ಕೋಣೆಗಳಲ್ಲಿ ಎಷ್ಟು ಜನರಿದ್ದಾರೆ, ನೀರು ಎಲ್ಲಿಂದ ತರುತ್ತಾರೆ, ಶೌಚಕ್ಕೆ ಎಲ್ಲಿಗೆ ಹೋಗುತ್ತಾರೆ ಎಂದು ಬರೆಯಲು ನಮೂನೆಯಲ್ಲಿ ಜಾಗವಿರಲಿಲ್ಲ. ಬರೆಯಬೇಕೆಂದು ನನಗೂ ಹೊಳೆಯಲಿಲ್ಲ. ಕರಿಮೆಣಸಿನ ಬಳ್ಳಿಯನ್ನು ಎಣಿಸಿದವನು ಮನುಷ್ಯರನ್ನು ಎಣಿಸಲಿಲ್ಲ.

ಒಂದು ದಿನದ ನೆನಪು ಮಾತ್ರ ಇಂದಿಗೂ ಬಿಡುವುದಿಲ್ಲ. ದಕ್ಷಿಣ ಕೊಡಗಿನ ಒಂದು ತೋಟದಲ್ಲಿ, ಕೊಯ್ಲಿನ ಕಾಲದ ಒಂದು ಸಂಜೆ, ಹಣ್ಣು ಅಳೆಯುವ ಜಾಗದಲ್ಲಿ ನಿಂತು ನನ್ನ ಕಡತದಲ್ಲಿ ಏನೋ ಬರೆಯುತ್ತಿದ್ದಾಗ ಎರವ ಆದಿವಾಸಿ ಸಮುದಾಯದ ಅಜ್ಜಿಯೊಬ್ಬರು ಹತ್ತಿರ ಬಂದು, ‘ಸಾಲ ಕೊಡುವ ಬ್ಯಾಂಕಿನ ಸಾರ್ ನೀವೇ ಅಂತಲ್ಲಾ, ನಮ್ಮ ಸಾಲ ಇನ್ನೆಷ್ಟು ಬಾಕಿ ಇದೆ, ಆ ಪುಸ್ತಕದಲ್ಲಿ ನೋಡಿ ಹೇಳಿ’ ಎಂದರು. ಮಗನ ಮದುವೆಗೆ ತೋಟದಿಂದ ಪಡೆದ ಮುಂಗಡ, ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕದಲ್ಲಿತ್ತಂತೆ. ಎಷ್ಟು ಮುರಿದುಕೊಂಡರು, ಎಷ್ಟು ಉಳಿಯಿತು ಎಂಬುದು ಆ ಮನೆಯವರಿಗೆ ತಿಳಿದಿರಲಿಲ್ಲ. ‘ಅದು ನಮ್ಮ ಪುಸ್ತಕದಲ್ಲಿ ಇರುವುದಿಲ್ಲ ಅಜ್ಜಿ’ ಎಂದೆ. ಮಾತು ನಿಜವೇ ಆಗಿತ್ತು. ಆಮೇಲೆ ಬಂಗಲೆಯ ಜಗಲಿಯಲ್ಲಿ ಕಾಫಿ ಕುಡಿದು, ಸಾಲಕ್ಕೆ ಶಿಫಾರಸು ಬರೆದು, ಕೊನೆಯ ಬಸ್ಸು ಹಿಡಿದು ವಿರಾಜಪೇಟೆಗೆ ಬಂದೆ. ಮುಂಗಡದ ಹೆಸರಿನಲ್ಲಿ ಆಳನ್ನು ಕಟ್ಟಿಹಾಕುವುದನ್ನು ಸಂವಿಧಾನದ 23ನೇ ವಿಧಿ ನಿಷೇಧಿಸುತ್ತದೆ, 1976ರ ಜೀತಪದ್ಧತಿ ನಿರ್ಮೂಲನ ಕಾಯ್ದೆ ಅದನ್ನು ಅಪರಾಧವೆನ್ನುತ್ತದೆ, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಏಷ್ಯನ್ ಕ್ರೀಡಾಕೂಟದ ಕಾರ್ಮಿಕರ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಆ ತೋಟದಲ್ಲಿ ನಡೆಯುತ್ತಿದ್ದುದು ಜೀತವೇ ಆಗಿತ್ತೆಂದು ನಾನು ಹೇಳಲಾರೆ, ಯಾಕೆಂದರೆ ನಾನು ವಿಚಾರಿಸಲೇ ಇಲ್ಲ.

ವಿಚಾರಿಸುವ ಅಧಿಕಾರ ಬ್ಯಾಂಕಿಗೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಬ್ಯಾಂಕಿನ ಲೆಕ್ಕದಿಂದಲೇ ಕೊಡುವ ಉತ್ತರವಿದೆ. ಬೆಳೆ ಸಾಲಕ್ಕೆ ಎಕರೆಗೆ ಎಷ್ಟು ಕೊಡಬೇಕೆಂಬುದನ್ನು ಜಿಲ್ಲಾ ಮಟ್ಟದ ತಾಂತ್ರಿಕ ಸಮಿತಿ ಪ್ರತಿ ವರ್ಷ ನಿಗದಿ ಮಾಡುತ್ತದೆ. ನಾವದನ್ನು ‘ಸ್ಕೇಲ್ ಆಫ್ ಫೈನಾನ್ಸ್’ ಎನ್ನುತ್ತೇವೆ. ಕಾಫಿಯ ಮಟ್ಟಿಗೆ ಆ ಲೆಕ್ಕದಲ್ಲಿ ಗೊಬ್ಬರ, ಔಷಧಿಗಳಿಗಿಂತ ದೊಡ್ಡ ಬಾಬ್ತು ಕೂಲಿಯದು. ಕಳೆ ತೆಗೆಯಲು, ನೆರಳಿನ ಮರಗಳ ಕೊಂಬೆ ಸವರುವ ಮರಗಸಿ ಮಾಡಲು, ಗಿಡ ಸವರಲು, ಹಣ್ಣು ಕೊಯ್ಯಲು, ಕಣದಲ್ಲಿ ಒಣಗಿಸಲು ಬೇಕಾದ ಆಳುಗಳ ಕೂಲಿಯೆಂದೇ ಬ್ಯಾಂಕು ಆ ಹಣವನ್ನು ಕೊಡುತ್ತದೆ. ಗೊಬ್ಬರದ ಬಿಲ್ಲು ಕೇಳುವ ಬ್ಯಾಂಕು, ಅದಕ್ಕಿಂತ ದೊಡ್ಡ ಬಾಬ್ತಾದ ಕೂಲಿ ಕೂಲಿಯವರಿಗೆ ಪೂರ್ತಿಯಾಗಿ ಸೇರಿತೇ ಎಂದು ಕೇಳಿದರೆ ಅದು ಅತಿಕ್ರಮವಾಗುವುದು ಹೇಗೆ?

ಈ ಮಾತಿಗೆ ಬೆಳೆಗಾರ ಮಿತ್ರರು ಸಿಟ್ಟಾಗುತ್ತಾರೆಂದು ಗೊತ್ತು. ನಾನೂ ನಾಲ್ಕೂವರೆ ಎಕರೆ ರೋಬಸ್ಟಾ ಇರುವವನೇ. ಆಳುಗಳಿಗಾಗಿ ಹಿಂದಿನ ರಾತ್ರಿಯೇ ಮೇಸ್ತ್ರಿಗೆ ಹತ್ತು ಸಲ ಫೋನ್ ಮಾಡುವ ಕಷ್ಟ ನನಗೂ ಇದೆ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲನ್ನು ಬೆಳೆಯುವ ಈ ಜಿಲ್ಲೆಯಲ್ಲಿ ಹೆಚ್ಚಿನವರು ಸಣ್ಣ ಹಿಡುವಳಿದಾರರು. ಎಷ್ಟೋ ತೋಟಗಳಲ್ಲಿ ಮಾಲೀಕರೂ ಆಳುಗಳೂ ಒಂದೇ ಒಲೆಯ ಗಂಜಿ ಕುಡಿದು ಕೆಲಸ ಮಾಡಿದ್ದಾರೆ, ಒಳ್ಳೆಯ ಮನೆ ಕಟ್ಟಿಕೊಟ್ಟವರೂ ಇದ್ದಾರೆ. ಕಾರ್ಮಿಕ ಇಲಾಖೆ ಮಾಡಬೇಕಾದ ಕೆಲಸವನ್ನು ಬ್ಯಾಂಕಿನ ತಲೆಗೆ ಕಟ್ಟುವುದೇಕೆ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಆದರೆ 1951ರ ತೋಟ ಕಾರ್ಮಿಕರ ಕಾಯ್ದೆ ಮನೆ, ನೀರು, ಚಿಕಿತ್ಸೆಯ ಹೊಣೆಯನ್ನು ಹೊರಿಸಿದ್ದು ಐದು ಹೆಕ್ಟೇರಿಗಿಂತ ಕಡಿಮೆಯಿಲ್ಲದ, ಹದಿನೈದಕ್ಕಿಂತ ಕಡಿಮೆಯಿಲ್ಲದ ಆಳುಗಳಿರುವ ತೋಟಗಳಿಗೆ. ಸಣ್ಣ ತೋಟದ ಲೈನ್ ಮನೆಗೆ ಆ ಕಾಯ್ದೆಯ ನೆರಳೂ ತಾಗುತ್ತಿರಲಿಲ್ಲ. ಇಲಾಖೆಯ ಅಧಿಕಾರಿ ಒಮ್ಮೆಯೂ ಕಾಲಿಡದ ತೋಟಕ್ಕೆ ಬ್ಯಾಂಕಿನವನು ವರ್ಷಕ್ಕೊಮ್ಮೆಯಾದರೂ ಹೋಗುತ್ತಾನೆ. ನಾನು ಕೇಳುತ್ತಿರುವುದು ದಂಡ ಹಾಕಲು ಹೋಗುವ ತಪಾಸಣೆಯನ್ನಲ್ಲ. ಲೈನ್ ಮನೆಗೆ ಶೌಚಾಲಯ, ನಲ್ಲಿ, ವಿದ್ಯುತ್ ಹಾಕಿಸುವುದಾದರೆ ಕಡಿಮೆ ಬಡ್ಡಿಯ ಅವಧಿ ಸಾಲ ಇಲ್ಲಿದೆ ಎಂದು ಆ ಅಧಿಕಾರಿ ಹೇಳುವಂತಾದರೆ ಬಹಳಷ್ಟು ಬೆಳೆಗಾರರು ಬೇಡವೆನ್ನಲಾರರು. ಹೇಗೂ ಯುರೋಪಿನ ಒಕ್ಕೂಟ 2023ರಲ್ಲಿ ಮಾಡಿದ ಅರಣ್ಯನಾಶ ತಡೆ ನಿಯಮದಲ್ಲಿ ಕಾಫಿಯೂ ಸೇರಿದೆ. ಬೆಳೆದ ಜಾಗದ ಗುರುತಿನ ಜತೆಗೆ ಬೆಳೆದ ದೇಶದ ಕಾರ್ಮಿಕ ಕಾನೂನು, ಮಾನವ ಹಕ್ಕುಗಳ ಪಾಲನೆಯನ್ನೂ ಅದು ಕೇಳುತ್ತದೆ. ಜಾರಿ ಮುಂದಕ್ಕೆ ಹೋಗುತ್ತಲೇ ಬಂದಿದ್ದರೂ ಕೊಳ್ಳುವವರು ಈ ಪ್ರಶ್ನೆ ಕೇಳುವ ದಿನ ದೂರವಿಲ್ಲ.

ಸಾಲ ಕೊಡುವಾಗ ಕಾಣದ ಜನ, ಸಾಲ ವಸೂಲಿಯಾಗದೆ ತೋಟ ಹರಾಜಿಗೆ ಬಂದಾಗಲೂ ಕಾಣುವುದಿಲ್ಲ. 2002ರ ಸರ್ಫೇಸಿ ಕಾಯ್ದೆಯ ಪ್ರಕಾರ ಬ್ಯಾಂಕು ಕೋರ್ಟಿಗೆ ಹೋಗದೆಯೇ 60 ದಿನಗಳ ನೋಟಿಸು ಕೊಟ್ಟು ಅಡಮಾನದ ಆಸ್ತಿಯನ್ನು ವಶಕ್ಕೆ ಪಡೆಯಬಹುದು. ಕೃಷಿಭೂಮಿಗೆ ಆ ಕಾಯ್ದೆಯಲ್ಲೇ ವಿನಾಯಿತಿಯಿದೆ. ಕಾಫಿ ತೋಟಕ್ಕೂ ಅದು ಅನ್ವಯಿಸಬೇಕೆಂದು ಬೆಳೆಗಾರರ ಸಂಘಟನೆಗಳು ಬಹುಕಾಲದಿಂದ ಕೇಳುತ್ತಿವೆ. ಆ ಬೇಡಿಕೆಗೆ ನನ್ನ ಪೂರ್ಣ ಸಹಮತವಿದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡವೇ ಜಾರಿ ತೋಟ, ಗದ್ದೆ, ಮನೆ ಎಲ್ಲವೂ ಮಣ್ಣಿನಡಿ ಹೋದಾಗ, ಇಲ್ಲದ ಭೂಮಿಯ ಮೇಲೆ ಬಡ್ಡಿ ಮಾತ್ರ ಉಳಿದ ಸಾಲಗಾರರನ್ನು ಕಣ್ಣಾರೆ ಕಂಡವನು ನಾನು. ಅಂಥವರ ಮನೆಗೆ ವಸೂಲಿಗೆ ಹೋಗುವವರು ಹೇಗೆ ನಡೆದುಕೊಳ್ಳಬೇಕೆಂಬುದೂ ಮಾನವ ಹಕ್ಕಿನ ವಿಷಯವೇ. ಬೆಳಿಗ್ಗೆ ಎಂಟಕ್ಕೆ ಮೊದಲು, ಸಂಜೆ ಏಳರ ನಂತರ ವಸೂಲಿಗೆ ಫೋನ್ ಮಾಡಕೂಡದು, ಅವಮಾನಿಸಕೂಡದು, ಏಜೆಂಟರು ಮಾಡಿದ್ದಕ್ಕೂ ಬ್ಯಾಂಕೇ ಹೊಣೆ ಎಂದು ರಿಸರ್ವ್ ಬ್ಯಾಂಕು 2022ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ಸಾಲ ತೀರಿದ 30 ದಿನಗಳೊಳಗೆ ಭೂಮಿಯ ಮೂಲ ದಾಖಲೆ ಹಿಂತಿರುಗಿಸಬೇಕು, ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5000 ರೂಪಾಯಿ ಕೊಡಬೇಕು ಎಂಬ ನಿಯಮ 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಇದನ್ನು ತಿಳಿದ ಬೆಳೆಗಾರರು ಕಡಿಮೆ.

ಇಷ್ಟಾದರೂ ಬೆಳೆಗಾರನಿಗೆ ಕೈಗೊಂದು ನೋಟಿಸು ಬರುತ್ತದೆ, ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು ಅವಕಾಶವಿರುತ್ತದೆ. ಪತ್ರಿಕೆಗಳಲ್ಲಿ ಬರುವ ಹರಾಜು ಪ್ರಕಟಣೆಯನ್ನು ಓದಿ ನೋಡಿ: ಸರ್ವೆ ನಂಬರು, ವಿಸ್ತೀರ್ಣ, ಪೂರ್ವಕ್ಕೆ ಹೊಳೆ ಪಶ್ಚಿಮಕ್ಕೆ ರಸ್ತೆ ಎಂಬ ಚೆಕ್ಕುಬಂದಿ, ಬಂಗಲೆ, ಗೋದಾಮು, ಲೈನ್ ಮನೆ ಎಲ್ಲವೂ ಇರುತ್ತವೆ. ಆ ಲೈನ್ ಮನೆಯಲ್ಲಿ ಎರಡು ತಲೆಮಾರಿನಿಂದ ಇರುವವರ ಮಾತೇ ಇರುವುದಿಲ್ಲ. ಅವರ ಬಾಕಿ ಕೂಲಿ ಯಾರು ಕೊಡಬೇಕು, ಗ್ರಾಚ್ಯುಟಿ ಬರಬೇಕಾದವರಿದ್ದರೆ ಅವರು ಯಾರನ್ನು ಕೇಳಬೇಕು, ಹೊಸ ಮಾಲೀಕ ‘ಖಾಲಿ ಮಾಡಿ’ ಎಂದರೆ ಮಕ್ಕಳ ಶಾಲೆಯ ವರ್ಷ ಮುಗಿಯುವವರೆಗಾದರೂ ಇರಬಹುದೇ? ಬ್ಯಾಂಕಿನ ಕಣ್ಣಿಗೆ ಅವರು ಸಾಲಗಾರರಲ್ಲ, ಜಾಮೀನುದಾರರಲ್ಲ, ಬಾಡಿಗೆದಾರರೂ ಅಲ್ಲ. ಕಾಗದದಲ್ಲಿ ಅವರು ಯಾರೂ ಅಲ್ಲ. ಮನೆ ಇಲ್ಲವೆಂದರೆ ಏನೆಂಬುದನ್ನು ಈ ಜಿಲ್ಲೆ 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ನೋಡಿದೆ. ಅಲ್ಲಿನ ತೆರವು ಕಾರ್ಯಾಚರಣೆಯಲ್ಲಿ ಗುಡಿಸಲು ಕಳೆದುಕೊಂಡ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳಲ್ಲಿ ಅನೇಕರು ತೋಟಗಳ ಲೈನ್ ಮನೆ ಬಿಟ್ಟು, ಸ್ವಂತದ್ದೊಂದು ಸೂರು ಬೇಕೆಂದು ಹೊರಟವರಾಗಿದ್ದರು. ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಅವರಿಗೆ ಮನೆಗಳಾಗಲು ದೀರ್ಘ ಹೋರಾಟವೇ ಬೇಕಾಯಿತು. ಅಂಥ ಸ್ಥಿತಿಗೆ ಬ್ಯಾಂಕಿನ ಹರಾಜಿನಿಂದ ಇನ್ನೊಂದೆಂಟು ಕುಟುಂಬ ಸೇರಿದರೆ, ವಾರ್ಷಿಕ ವರದಿಯ ಕೋಷ್ಟಕದ ಯಾವ ಸಾಲಿನಲ್ಲೂ ಅದು ಕಾಣುವುದಿಲ್ಲ.

ಲೈನ್ ಮನೆಗೆ ಬ್ಯಾಂಕಿನ ಹಣ ತಲುಪುವ ಇನ್ನೊಂದು ದಾರಿಯೂ ಇದೆ: ಕಿರುಸಾಲ. ದೊಡ್ಡ ಬ್ಯಾಂಕು ಮೈಕ್ರೋಫೈನಾನ್ಸ್ ಸಂಸ್ಥೆಗೆ ಸಗಟಾಗಿ ಸಾಲ ಕೊಡುತ್ತದೆ. ಆ ಸಂಸ್ಥೆ ಆದಿವಾಸಿಗಳ ವಸತಿಗಳಾದ ಹಾಡಿಗಳ, ಲೈನ್ ಮನೆಗಳ ಹೆಂಗಸರನ್ನು ಗುಂಪು ಮಾಡಿ ಚಿಲ್ಲರೆಯಾಗಿ ಕೊಡುತ್ತದೆ. ಒಬ್ಬಳು ಕಂತು ತಪ್ಪಿಸಿದರೆ ಉಳಿದವರನ್ನು ಅವಳ ಬಾಗಿಲಲ್ಲಿ ಕೂರಿಸುವ ವಸೂಲಿ ಪದ್ಧತಿಯಿಂದ ರಾಜ್ಯದ ಹಲವೆಡೆ ಜನ ಊರು ಬಿಟ್ಟದ್ದು, ಜೀವ ಕಳೆದುಕೊಂಡದ್ದು, 2025ರಲ್ಲಿ ಸರ್ಕಾರ ಬಲವಂತದ ವಸೂಲಿಯ ವಿರುದ್ಧ ಹತ್ತು ವರ್ಷದವರೆಗಿನ ಶಿಕ್ಷೆಯ ಸುಗ್ರೀವಾಜ್ಞೆ ತಂದದ್ದು ಎಲ್ಲರಿಗೂ ನೆನಪಿದೆ. ಕುಟುಂಬದ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚು ಕಂತಿಗೇ ಹೋಗುವಂತಿಲ್ಲ ಎಂದು ರಿಸರ್ವ್ ಬ್ಯಾಂಕು 2022ರಲ್ಲೇ ಹೇಳಿತ್ತು. ಕೊಯ್ಲಿನ ನಾಲ್ಕು ತಿಂಗಳು ಕೈತುಂಬ ಕೂಲಿ, ಮಳೆಗಾಲದಲ್ಲಿ ವಾರಕ್ಕೆರಡು ದಿನದ ಕೆಲಸ ಸಿಗುವ ಮನೆಗೆ ‘ತಿಂಗಳ ಆದಾಯ’ ಎಂದರೆ ಯಾವ ತಿಂಗಳದ್ದು ಎಂದು ಸಗಟು ಸಾಲ ಕೊಟ್ಟ ಬ್ಯಾಂಕು ಎಂದಾದರೂ ಆ ಸಂಸ್ಥೆಯನ್ನು ಕೇಳಿದೆಯೇ?

ನೇರ ಗ್ರಾಹಕರ ವಿಷಯದಲ್ಲಿ ನಿಯಮಗಳಿಗೆ ಬರವಿಲ್ಲ, ಶಾಖೆಯಲ್ಲಿ ಅವು ನೆನಪಿಗೆ ಬರುವುದಿಲ್ಲ ಅಷ್ಟೆ. ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕುಪತ್ರ ಪಡೆದ ಜೇನುಕುರುಬರ, ಎರವರ ಭೂಮಿಯನ್ನು ಪರಭಾರೆ ಮಾಡುವಂತಿಲ್ಲವಾದ್ದರಿಂದ ಅಡಮಾನಕ್ಕೆ ಬಾರದು, ಹಾಗಾಗಿ ಸಾಲವಿಲ್ಲ ಎಂದು ಹೇಳಿ ಕಳಿಸುವುದನ್ನು ನೋಡಿದ್ದೇನೆ. ಅಡಮಾನವಿಲ್ಲದೆಯೇ 2 ಲಕ್ಷ ರೂಪಾಯಿವರೆಗೆ ಕೃಷಿ ಸಾಲ ಕೊಡಬೇಕೆಂಬ ನಿಯಮ 2025ರ ಜನವರಿಯಿಂದ ಇದೆ, ಅದಕ್ಕೆ ಮೊದಲು ಆ ಮಿತಿ 1.6 ಲಕ್ಷವಿತ್ತು. ಅಸ್ಸಾಂ, ಜಾರ್ಖಂಡ್‌ಗಳಿಂದ ಬಂದ ಆಳಿಗೆ ಇಲ್ಲಿನ ವಿಳಾಸದ ದಾಖಲೆಯಿಲ್ಲವೆಂದು ಖಾತೆ ತೆರೆಯದೆ ಕಳಿಸಿದಾಗ ಅವನ ಕೂಲಿಯೂ ಮೇಸ್ತ್ರಿಯ ಖಾತೆಗೇ ಹೋಗುತ್ತದೆ. ದಾಖಲೆಯಿಲ್ಲದವರಿಗೂ ಫೋಟೊ ಮತ್ತು ಹೆಬ್ಬೆಟ್ಟಿನ ಮೇಲೆ ‘ಸಣ್ಣ ಖಾತೆ’ ತೆರೆಯಲು ಅವಕಾಶವಿದೆ ಎಂಬುದು ಆ ಕೌಂಟರಿನಲ್ಲಿ ಕುಳಿತವರಿಗೆ ಗೊತ್ತಿರಬೇಕಿತ್ತು. ಬಡ್ಡಿ, ಶುಲ್ಕ ಎಲ್ಲವನ್ನೂ ಸೇರಿಸಿದ ಒಂದು ವಿವರಪತ್ರವನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲೇ ಕೊಡಬೇಕೆಂಬ ನಿಯಮವೂ 2024ರ ಅಕ್ಟೋಬರ್‌ನಿಂದ ಇದೆ. ಕನ್ನಡದ ವಿವರಪತ್ರ ಕೇಳಿ ಪಡೆಯುವುದು ಉಪಕಾರ ಬೇಡಿದಂತಲ್ಲ. ಆಸಿಡ್ ದಾಳಿಗೊಳಗಾಗಿ ಕಣ್ಣು ಮಿಟುಕಿಸಲಾಗದ ಮಹಿಳೆಯೊಬ್ಬರು ಬ್ಯಾಂಕು ಕೇಳುವ ಗುರುತು ದೃಢೀಕರಣವನ್ನು (ಕೆವೈಸಿ) ಮೊಬೈಲಿನಲ್ಲಿ ಮುಗಿಸಲಾಗದೆ ಸುಪ್ರೀಂ ಕೋರ್ಟಿಗೆ ಹೋದಾಗ, ಇಂಥ ಸೇವೆ ಎಲ್ಲರಿಗೂ ಎಟುಕುವಂತಿರುವುದು ಬದುಕುವ ಹಕ್ಕಿನ ಭಾಗವೇ ಎಂದು ಕೋರ್ಟು 2025ರ ಏಪ್ರಿಲ್‌ನಲ್ಲಿ ಹೇಳಿತು. ಸರ್ಕಾರಿ ಸ್ವಾಮ್ಯದ ಬ್ಯಾಂಕಿಗಂತೂ ಇದನ್ನು ಬೇರೆ ಹೇಳಬೇಕಿಲ್ಲ. ಸಂವಿಧಾನದ 12ನೇ ವಿಧಿಯ ಅರ್ಥದಲ್ಲಿ ಅದೂ ಪ್ರಭುತ್ವವೇ, ಮೂಲಭೂತ ಹಕ್ಕುಗಳು ನೇರವಾಗಿ ಅದನ್ನು ಕಟ್ಟಿಹಾಕುತ್ತವೆ.

ಬ್ಯಾಂಕಿನ ಒಳಗಿನವರ ಬಗ್ಗೆ ಒಂದೇ ಮಾತು. ಕರಾವಳಿಯ ಬ್ಯಾಂಕೊಂದು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯನ್ನು ಅಂಗಡಿ ಅಂಗಡಿ ಸುತ್ತಿ ಸಂಗ್ರಹಿಸುವವರು ಕಾರ್ಮಿಕರೇ ಎಂದು ಒಪ್ಪಿಸಲು 2001ರ ಸುಪ್ರೀಂ ಕೋರ್ಟ್ ತೀರ್ಪು ಬೇಕಾಯಿತು. ಇಂದು ಹಾಡಿಗಳಿಗೆ ಯಂತ್ರ ಹಿಡಿದು ಹೋಗುವ ಬ್ಯಾಂಕ್ ಮಿತ್ರರ, ಗುತ್ತಿಗೆಯ ಕಾವಲುಗಾರರ ಗತಿಯೂ ಅದೇ ಜಾಡಿನಲ್ಲಿದೆ. ಕೋಷ್ಟಕದಲ್ಲಿ ಅವರು ‘ಇತರೆ’.

ನನ್ನ ವಿನಂತಿ ದೊಡ್ಡದೇನಲ್ಲ. ಸಾಲದ ಯೋಜನೆಯಿಂದ ಪರಿಸರಕ್ಕೆ, ಜನರಿಗೆ ಆಗುವ ಹಾನಿಯನ್ನು ಮೊದಲೇ ಅಳೆಯಬೇಕೆಂದು 2003ರಲ್ಲಿ ಜಗತ್ತಿನ ಕೆಲವು ದೊಡ್ಡ ಬ್ಯಾಂಕುಗಳು ಈಕ್ವೇಟರ್ ತತ್ವಗಳೆಂಬ ಹೆಸರಿನಲ್ಲಿ ಮಾಡಿಕೊಂಡ ಒಪ್ಪಂದ ಮೊದಲು ಐದು ಕೋಟಿ ಡಾಲರಿನ, 2006ರಿಂದ ಒಂದು ಕೋಟಿ ಡಾಲರಿನ ಮೇಲಿನ ಯೋಜನೆಗಳನ್ನು ಹಿಡಿಯಲು ಹೊರಟದ್ದು. ಆ ಬಲೆಯ ಕಣ್ಣು ದೊಡ್ಡದು, ಕೊಡಗಿನ ತೋಟದ ಸಾಲ ಅದರಲ್ಲಿ ನಿಲ್ಲುವುದಿಲ್ಲ. ನಮಗೆ ಬೇಕಿರುವುದು ಮಡಿಕೇರಿಯಲ್ಲಿ ಮೂರು ತಿಂಗಳಿಗೊಮ್ಮೆ ನಡೆಯುವ ಬ್ಯಾಂಕುಗಳ ಪರಿಶೀಲನಾ ಸಭೆಯಲ್ಲೇ ತೀರ್ಮಾನವಾಗಬಹುದಾದ ಸಣ್ಣ ಬಲೆ. ತಪಾಸಣಾ ನಮೂನೆಯಲ್ಲಿ ಲೈನ್ ಮನೆಯ ಬೆಲೆಯ ಪಕ್ಕದಲ್ಲಿ ಅಲ್ಲಿರುವ ಜನರ ಸಂಖ್ಯೆ, ನೀರು ಮತ್ತು ಶೌಚಾಲಯ, ಕೂಲಿ ಅವರವರ ಖಾತೆಗೇ ಬರುತ್ತದೆಯೇ, ತೋಟದಿಂದ ಪಡೆದ ಮುಂಗಡಕ್ಕೆ ಅವರ ಕೈಯಲ್ಲೊಂದು ಲೆಕ್ಕದ ಚೀಟಿ ಇದೆಯೇ ಎಂಬ ನಾಲ್ಕು ಸಂಗತಿಗಳಿಗೆ ಜಾಗವಿರಲಿ. ತೋಟ ಹರಾಜಿಗೆ ಬಂದರೆ ಅಲ್ಲಿ ವಾಸವಿರುವವರಿಗೂ ಅವರಿಗೆ ತಿಳಿಯುವ ಭಾಷೆಯಲ್ಲಿ ಮೊದಲೇ ತಿಳಿಸಲಿ, ಅವರ ಬಾಕಿ ಕೂಲಿಯ ಮಾತು ಹರಾಜಿನ ಷರತ್ತಿನಲ್ಲಿರಲಿ. ದೂರು ಕೇಳುವ ಬಾಗಿಲನ್ನೂ ಅಗಲಿಸಬೇಕು. ಬ್ಯಾಂಕುಗಳ ವಿರುದ್ಧದ ದೂರು ಕೇಳಲು ರಿಸರ್ವ್ ಬ್ಯಾಂಕು ಮಾಡಿರುವ ಸಮಗ್ರ ಒಂಬುಡ್ಸ್‌ಮನ್ ಯೋಜನೆ, ಅದರ 14448 ಸಂಖ್ಯೆ ಎಲ್ಲವೂ ಗ್ರಾಹಕರಿಗಾಗಿ ಇರುವಂಥವು. ಬ್ಯಾಂಕು ಸಾಲ ಕೊಟ್ಟ ತೋಟದಲ್ಲಿ ದುಡಿಯುವ ಹೆಂಗಸು ಆ ಸಾಲದ ವಿಷಯದಲ್ಲಿ ಗ್ರಾಹಕಳಲ್ಲ. ಅಂಥವರ ಮಾತನ್ನೂ ದಾಖಲಿಸಿಕೊಳ್ಳುವ ಒಬ್ಬ ಅಧಿಕಾರಿ ಜಿಲ್ಲೆಗೊಬ್ಬರಾದರೂ ಇರಲಿ, ಅವರ ಫೋನ್ ಸಂಖ್ಯೆ ಶಾಖೆಯ ಗೋಡೆಯ ಮೇಲಷ್ಟೇ ಅಲ್ಲದೆ ಹಾಡಿಯ ಅಂಗನವಾಡಿ, ಪಡಿತರ ಅಂಗಡಿಯ ಗೋಡೆಯ ಮೇಲೂ ಇರಲಿ. ಆಗ ವರದಿಯ ಕೋಷ್ಟಕದಲ್ಲಿ ಸೊನ್ನೆಗಳು ಕಡಿಮೆಯಾಗಬಹುದು. ಷೇರುದಾರನಾಗಿ ನನಗೆ ಅದರಿಂದ ಬೇಸರವಿಲ್ಲ.

ಈ ಪತ್ರದ ಪ್ರತಿಯನ್ನು ಬ್ಯಾಂಕಿನ ಷೇರುದಾರರ ವಿಭಾಗಕ್ಕೂ ಅಂಚೆಯಲ್ಲಿ ಕಳಿಸಿದ್ದೇನೆ. ಜತೆಗೆ ನನ್ನ ಹಳೆಯ ಕಡತದಲ್ಲಿ ಉಳಿದಿದ್ದ ಖಾಲಿ ತಪಾಸಣಾ ನಮೂನೆಯೊಂದರಲ್ಲಿ ‘ಕಟ್ಟಡಗಳು’ ಎಂಬುದರ ಕೆಳಗೆ ಆ ನಾಲ್ಕು ಸಾಲುಗಳನ್ನು ಕೈಯಲ್ಲಿ ಬರೆದು ಲಗತ್ತಿಸಿದ್ದೇನೆ. ಕೊಯ್ಲು ನವೆಂಬರ್‌ನಲ್ಲಿ ಶುರುವಾಗುತ್ತದೆ. ಅಷ್ಟರೊಳಗೆ ಉತ್ತರ ಬಂದರೆ ತಮ್ಮ ಪತ್ರಿಕೆಗೆ ತಿಳಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಬ್ಯಾಂಕ್ ಅಧಿಕಾರಿ,
ವಿರಾಜಪೇಟೆ ತಾಲ್ಲೂಕು, ಕೊಡಗು